ಕುದುರೆಗೆ ಲಾಳ ಕಟ್ಟೋಕೆ ಮೈಸೂರಿಂದ ಕರೆಸೋರು ಎಷ್ಟು ಕೊಡ್ತಿದೀರ?

ಹುದಿಕೇರಿ_ತೋಟ:
ಎಲ್ಲರಿಗೂ ನಮಸ್ಕಾರ. ಕೊಡಗಲ್ಲಿ ಕುದುರೆ ಸಾಕಿರೋರು ಒಬ್ಬೊಬ್ರು ಒಂದೊಂದು ಮೂಲೇಲಿ ಇದೀರ, ಅದಕ್ಕೆ ಇಲ್ಲಿ ಕೇಳ್ತಿದೀನಿ. ನಮ್ಮನೇಲಿ ಎರಡಿದಾವೆ, ಒಂದು ರೇಸ್ ಬಿಟ್ಟು ಬಂದ ಥರೋಬ್ರೆಡ್ ಹೆಣ್ಣು, ಇನ್ನೊಂದು ಮಗಳಿಗೆ ಅಂತ ತಂದ ತಟ್ಟು. ಲಾಳ ಕಟ್ಟೋರು ಮೈಸೂರಿಂದ ಬರಬೇಕು. ಒಂದು ಕುದುರೆಗೆ ನಾಲ್ಕು ಕಾಲೂ ಸೇರಿ 2,500, ಎರಡಕ್ಕೆ 5,000, ಅದರ ಮೇಲೆ ಹೋಗಿ ಬರೋ ಕಾರಿನ ಬಾಡಿಗೆ 3,000. ಒಂದು ಸಲ ಬಂದು ಹೋದ್ರೆ 8,000 ಖಾಲಿ, ಊಟ ಕಾಫಿ ಲೆಕ್ಕಕ್ಕಿಲ್ಲ. ಆರೇಳು ವಾರಕ್ಕೊಂದ್ಸಲ ಮಾಡಿಸ್ಲೇಬೇಕು ಅಂತಾರೆ, ಹಂಗಾದ್ರೆ ವರ್ಷಕ್ಕೆ ಹತ್ರ ಹತ್ರ ಅರವತ್ತು ಸಾವಿರ ಬರೀ ಗೊರಸಿಗೇ ಹೋಗುತ್ತೆ, ಹುಲ್ಲು ಹುರುಳಿ ಬೂಸಾ ಬೇರೆ. ನೀವೆಲ್ಲ ಎಷ್ಟು ಕೊಡ್ತಿದೀರ? ಮಡಿಕೇರಿ ವಿರಾಜಪೇಟೆ ಕಡೆ ಲೋಕಲ್ ಯಾರಾದ್ರೂ ಇದಾರಾ? ಎತ್ತಿಗೆ ಲಾಳ ಹೊಡೆಯೋರು ಸಂತೆ ಕಡೆ ಸಿಗ್ತಾರಲ್ಲ, ಅವರ ಕೈಲಿ ಮಾಡಿಸ್ಬಹುದಾ?

ಸುಂಟಿಕೊಪ್ಪ_ಹೋಂಸ್ಟೇ:
ನಮ್ಮಲ್ಲಿ ಮೂರಿದಾವೆ, ಗೆಸ್ಟ್‌ಗಳ ಮಕ್ಕಳನ್ನ ಕೂರಿಸಿ ತೋಟದೊಳಗೆ ಒಂದು ರೌಂಡ್ ಹೊಡೆಸೋಕೆ. ರೇಟು ನಿಮ್ಮಷ್ಟೇ. ಕುಶಾಲನಗರದ ಮೇಲೆ ಬರೋದ್ರಿಂದ ಕಾರಿನ ಬಾಡಿಗೆ ಸ್ವಲ್ಪ ಕಮ್ಮಿ ಅಷ್ಟೆ. ನನಗೆ ದುಡ್ಡಿಗಿಂತ ತಲೆನೋವು ಏನಂದ್ರೆ ಸಿಗೋದೇ ಇಲ್ಲ, ರೇಸ್ ಸೀಸನ್ ಶುರುವಾಯ್ತು ಅಂದ್ರೆ ಫೋನೂ ಎತ್ತಲ್ಲ, ಎತ್ತಿದ್ರೆ ಮುಂದಿನ ವಾರ ಬರ್ತೀನಿ ಸಾರ್ ಅಂತಾರೆ, ಆ ಮುಂದಿನ ವಾರ ಬರೋದೇ ಇಲ್ಲ.

ಪಿರಿಯಾಪಟ್ಟಣ_ಗೌಡ್ರು:
ಎತ್ತಿನ ಲಾಳದೋರ ಹತ್ರ ಮಾತ್ರ ಹೋಗ್ಬೇಡಿ ಅಣ್ಣ. ನಮ್ಮೂರ ಕಡೆ ಈಗ್ಲೂ ಒಬ್ರು ಇಬ್ರು ಇದಾರೆ, ಒಳ್ಳೆ ಕೈ, ಆದ್ರೆ ಆ ಕೆಲಸವೇ ಬೇರೆ. ಎತ್ತಿನ ಗೊರಸು ಸೀಳಿರುತ್ತಲ್ಲ, ಕಾಲಿಗೆ ಎರಡು ಪಟ್ಟಿ, ಒಟ್ಟು ಎಂಟು ತೆಳ್ಳನೆ ತಗಡು ಬಡೀತಾರೆ. ಅದೂ ಹಗ್ಗ ಹಾಕಿ ಎತ್ತನ್ನ ನೆಲಕ್ಕೆ ಕೆಡವಿ, ನಾಲ್ಕು ಕಾಲೂ ಕಟ್ಟಿ. ನಿಮ್ಮ ರೇಸ್ ಕುದುರೆನ ಹಂಗೆ ಕೆಡವೋಕೆ ಹೋದ್ರೆ ಕುದುರೆಗೂ ಪೆಟ್ಟು ಕೆಡವೋನಿಗೂ ಪೆಟ್ಟು.

ಬರಿಗಾಲೇ_ಚೆಂದ:
ಲಾಳ ಯಾಕೆ ಬೇಕು ಅನ್ನೋದೇ ನನ್ನ ಪ್ರಶ್ನೆ. ಕಾಡು ಕುದುರೆಗೆ ಯಾರು ಲಾಳ ಕಟ್ತಾರೆ? ಎಲ್ಲ ದುಡ್ಡು ಮಾಡೋ ಐಡಿಯಾ. ಕಿತ್ತು ಬಿಸಾಕಿ, 60 ಸಾವಿರ ಉಳೀತು.

ಸೋಮವಾರಪೇಟೆ_ಸವಾರ:
ಬಂದ್ರಪ್ಪ. ಕಾಡು ಕುದುರೆ ಒಣ ಬಯಲಲ್ಲಿ ದಿನಕ್ಕೆ ಮೈಲಿಗಟ್ಲೆ ನಡೆದು ತಾನೇ ಗೊರಸು ಸವೆಸ್ಕೊಳ್ಳುತ್ತೆ. ನಮ್ದು ಲಾಯದಲ್ಲಿ ನಿಂತು ಹುರುಳಿ ತಿನ್ನುತ್ತೆ, ಸಂಜೆ ಒಂದು ಗಂಟೆ ಸುತ್ತುತ್ತೆ, ಬೆನ್ನ ಮೇಲೆ ಎಪ್ಪತ್ತು ಕೇಜಿ ಆಳು ಬೇರೆ. ಎರಡಕ್ಕೂ ಸಂಬಂಧ ಏನ್ರಿ? ನಿಮ್ಮ ಕುದುರೆ ಯಾವ ಊರಲ್ಲಿದೆ ಮೊದಲು ಹೇಳಿ.

ಬರಿಗಾಲೇ_ಚೆಂದ:
ಕುದುರೆ ಇಲ್ಲ, ಓದ್ಕೊಂಡಿದೀನಿ.

ಸೋಮವಾರಪೇಟೆ_ಸವಾರ:
ಸರಿ ಹೋಯ್ತು.

ನಾಲ್‌ಬಂದ್_ಮನೆಯೋನು:
ಮೈಸೂರಿಂದ. ನಮ್ಮ ತಾತ ಟಾಂಗಾ ಕುದುರೆಗಳಿಗೆ ನಾಲು, ಅಂದ್ರೆ ಲಾಳ, ಕಟ್ತಿದ್ರು, ಅಪ್ಪ ಈಗ್ಲೂ ಅದೇ ಕೆಲಸ, ನಾನು ಬೇರೆ ಕೆಲಸಕ್ಕೆ ಹೋದೋನು ಆದ್ರೆ ರಜಾ ದಿನ ಅಪ್ಪನ ಜೊತೆ ಹೋಗ್ತೀನಿ. 2,500 ಜಾಸ್ತಿ ಅನ್ನೋರಿಗೆ ಈ ಕಡೆ ಲೆಕ್ಕನೂ ಹೇಳ್ಬೇಕು ಅನ್ನಿಸ್ತು.

ರೇಸ್‌ಕೋರ್ಸ್ ಕಡೆ ಲಾಯದಲ್ಲಿ ಕುದುರೆ ಸಾಲಾಗಿ ನಿಂತಿರ್ತವೆ. ಕುದುರೆ ನೋಡ್ಕೊಳ್ಳೋ ಸೈಸ್ ಒಬ್ಬ ಹಿಡ್ಕೊಂಡು ನಿಂತಿರ್ತಾನೆ, ನೆಲ ಸಮ, ಬೆಳಕಿದೆ, ಕಾಲು ಒಣಗಿದೆ. ಒಂದು ಮುಗೀತಿದ್ದಂಗೆ ಇನ್ನೊಂದು. ನಿಮ್ಮ ತೋಟಕ್ಕೆ ಬಂದ್ರೆ ಅರ್ಧ ದಿನ ರಸ್ತೇಲಿ ಹೋಯ್ತು, ಬಂದ ಮೇಲೆ ಕುದುರೆ ಗದ್ದೆ ಬಯಲಲ್ಲಿ ಮೇಯ್ತಿರುತ್ತೆ, ಹಿಡ್ಕೊಂಡು ಬರೋಕೆ ಒಂದು ಗಂಟೆ. ತಂದ್ರೆ ಮೊಣಕಾಲ್ ಗಂಟ ಕೆಸರು. ನಿಲ್ಲಿಸೋಕೆ ಸಮ ಜಾಗ ಇರಲ್ಲ, ಕಾಫಿ ಕಣ ಇದೆ ಅಂದ್ರೆ ಅಲ್ಲಿ ಬೀಜ ಹರವಿರ್ತಾರೆ. ಹಿಡ್ಕೊಳ್ಳೋಕೆ ಬರೋ ಹುಡುಗನಿಗೆ ಕುದುರೆ ಅಂದ್ರೆ ಭಯ. ಅಪ್ಪನಿಗೆ ಅರವತ್ತರ ಮೇಲಾಯ್ತು, ಅರ್ಧ ಟನ್ ತೂಕದ ಪ್ರಾಣಿ ಕಾಲನ್ನ ತೊಡೆ ಮೇಲೆ ಇಟ್ಕೊಂಡು ಬಗ್ಗಿ ಕೆಲಸ ಮಾಡ್ಬೇಕು, ಸೊಂಟ ಹೋಗಿದೆ.

ಕೆಲಸ ಅಂದ್ರೆ ಮೊಳೆ ಹೊಡೆಯೋದು ಅಂದ್ಕೊಂಡಿದಾರೆ ಜನ. ಮೊದಲು ಹಳೇ ಮೊಳೆ ಮಡಚಿರೋ ತುದಿ ಎಬ್ಬಿಸಿ ಲಾಳ ಕೀಳ್ಬೇಕು. ಆಮೇಲೆ ಚಾಕುಲಿ ಅಡಿಭಾಗದ ಸತ್ತ ಪದರ ಮಾತ್ರ ಕೆರೀಬೇಕು, ಒಂಚೂರು ಜಾಸ್ತಿ ಕೆರೆದ್ರೆ ಕಲ್ಲು ಮೇಲೆ ಕಾಲಿಡೋಕಾಗಲ್ಲ. ಇಕ್ಕಳದಲ್ಲಿ ಬೆಳೆದ ಅಂಚು ಕತ್ತರಿಸಿ, ಅರದಲ್ಲಿ ಉಜ್ಜಿ, ಕಾಲು ಕೆಳಗಿಟ್ಟು ಮುಂದಿಂದ ಒಂದ್ಸಲ ಪಕ್ಕದಿಂದ ಒಂದ್ಸಲ ನೋಡಿ, ಮತ್ತೆ ಎತ್ತಿ ಮತ್ತೆ ಉಜ್ಜಿ. ಲಾಳನ ಗೊರಸಿನ ಆಕಾರಕ್ಕೆ ಬಡಿದು ಕೂರಿಸ್ಬೇಕು, ಲಾಳಕ್ಕೆ ತಕ್ಕಂಗೆ ಗೊರಸು ಉಜ್ಜೋರೂ ಇದಾರೆ, ಅಂಥೋರನ್ನ ಮನೆಗೆ ಸೇರಿಸ್ಬೇಡಿ. ಗೊರಸಿನ ಅಡೀಲಿ ಒಂದು ಬಿಳಿ ಗೆರೆ ಕಾಣುತ್ತೆ, ಮೊಳೆ ಅದರಿಂದ ಹೊರಗೇ ಹೋಗ್ಬೇಕು, ಒಳಗೆ ಹೋದ್ರೆ ಜೀವ ಇರೋ ಮಾಂಸ. ಅಪ್ಪ ಸುತ್ತಿಗೆ ಶಬ್ದದಲ್ಲೇ ಹೇಳ್ತಾರೆ, ಗಟ್ಟಿ ಗೊರಸಲ್ಲಿ ಹೋಗ್ತಿದ್ರೆ ಏಟು ಏಟಿಗೂ ಶಬ್ದ ಬಿಗಿಯಾಗ್ತಾ ಹೋಗುತ್ತೆ, ಡಬ್ ಅಂತ ಮೆತ್ತಗೆ ಕೇಳಿಸ್ತು ಅಂದ್ರೆ ಅಲ್ಲೇ ನಿಲ್ಸಿ ಮೊಳೆ ಈಚೆ ಎಳೀತಾರೆ. ಗೊರಸಿನ ಗೋಡೇಲಿ ಮೂರರಲ್ಲಿ ಒಂದು ಭಾಗ ಎತ್ತರದಲ್ಲಿ ಮೊಳೆ ತುದಿ ಹೊರಗೆ ಬರುತ್ತೆ, ಬಂದ ತಕ್ಷಣ ಸುತ್ತಿಗೆ ಕೊಂಬಲ್ಲಿ ತಿರುಚಿ ಮುರೀಬೇಕು, ಇಲ್ಲಾಂದ್ರೆ ಕುದುರೆ ಕಾಲು ಜಾಡಿಸಿದಾಗ ಕಟ್ಟೋನ ತೊಡೆ ಸೀಳುತ್ತೆ. ಅಪ್ಪನ ಎಡ ತೊಡೇಲಿ ಗುರುತಿದೆ.

ಹುದಿಕೇರಿ_ತೋಟ:
ಭಾಯ್, ಬೇಜಾರು ಮಾಡ್ಕೋಬೇಡಿ, ಕೂಲಿ ಜಾಸ್ತಿ ಅಂತ ನಾನು ಹೇಳ್ಲಿಲ್ಲ. ಕೆಲಸ ಕಣ್ಣಾರೆ ನೋಡಿದೀನಿ. ಕಾರಿನ ಬಾಡಿಗೆ ಒಂದು ಕುದುರೆ ಕೂಲಿಗಿಂತ ಜಾಸ್ತಿ ಆಗ್ತಿದೆಯಲ್ಲ, ಅದು ಹೊಟ್ಟೆ ಉರಿಯೋದು.

ನಾಲ್‌ಬಂದ್_ಮನೆಯೋನು:
ಬೇಜಾರೇನಿಲ್ಲ ಸಾರ್. ಅಪ್ಪನಿಗೂ ಆ 3,000 ಸಿಗಲ್ಲ, ಡ್ರೈವರ್ ಮತ್ತೆ ಪೆಟ್ರೋಲ್ ಬಂಕಿಗೆ ಹೋಗುತ್ತೆ.

ದನದ_ಡಾಕ್ಟ್ರು:
ಕೊಡಗಲ್ಲೇ ಕೆಲಸ ಮಾಡ್ತಿರೋ ಪಶುವೈದ್ಯ. ಮೊದಲೇ ಹೇಳ್ಬಿಡ್ತೀನಿ, ಲಾಳ ಕಟ್ಟೋದು ನಮ್ಮ ಕೆಲಸ ಅಲ್ಲ, ಕಾಲೇಜಲ್ಲಿ ನಮಗೆ ಕಲಿಸೋದು ಜಾಸ್ತಿ ದನದ ಮೇಲೆ, ಕುದುರೆ ಗೊರಸಿನ ಕೈಕೆಲಸ ಬರೋ ಡಾಕ್ಟ್ರು ಕಮ್ಮಿ. ಆದ್ರೆ ಖರ್ಚು ಉಳಿಸೋಕೆ ಅಂತ ಮೂರ್ನಾಲ್ಕು ತಿಂಗಳು ತಳ್ಳಿ ಆಮೇಲೆ ಕುಂಟುತ್ತೆ ಅಂತ ನನಗೆ ಫೋನ್ ಮಾಡೋರು ಇದಾರೆ, ಅವರಿಗೋಸ್ಕರ ಬರೀತಿದೀನಿ.

ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳೆಯುತ್ತೆ. ಲಾಳ ಇದ್ರೆ ಸವೆಯೋಕೆ ದಾರಿ ಇಲ್ಲ, ಬೆಳೆದದ್ದೆಲ್ಲ ಹಂಗೇ ಉಳಿಯುತ್ತೆ, ಬೆರಳ ಕಡೆ, ಅಂದ್ರೆ ಗೊರಸಿನ ಮುಂಭಾಗ, ಉದ್ದ ಆಗಿ ಹಿಮ್ಮಡಿ ಕೆಳಗೆ ಕುಸಿದಂಗೆ ಆಗುತ್ತೆ, ಪ್ರತಿ ಹೆಜ್ಜೇಲೂ ಹಿಂದಿನ ನರ ಎಳೆಯುತ್ತೆ. ನರ ಅಂದ್ರೆ ನಾನು ಹೇಳ್ತಿರೋದು ಟೆಂಡನ್, ಮಾಂಸಖಂಡನ ಮೂಳೆಗೆ ಕಟ್ಟೋ ಹುರಿ. ಅದು ಒಂದ್ಸಲ ಹರೀತು ಅಂದ್ರೆ ತಿಂಗಳಾನುಗಟ್ಲೆ ರೆಸ್ಟು, ಆಮೇಲೂ ಮೊದಲಿನಂಗೆ ಆಗುತ್ತೆ ಅಂತ ಗ್ಯಾರಂಟಿ ಇಲ್ಲ. ಆರರಿಂದ ಎಂಟು ವಾರ ಅನ್ನೋದು ಅದಕ್ಕೇ, ಲಾಳದೋರ ಹೊಟ್ಟೆಪಾಡಿಗಲ್ಲ.

ಹಂಗಂತ ಎಲ್ಲ ಕುದುರೆಗೂ ನಾಲ್ಕು ಲಾಳ ಬೇಕಾಗಿಲ್ಲ. ಬರಿಗಾಲಿನ ಸ್ನೇಹಿತರು ಹೇಳಿದ್ರಲ್ಲಿ ಅರ್ಧ ನಿಜ ಇದೆ. ಹುದಿಕೇರಿಯೋರೇ, ನಿಮ್ಮ ತಟ್ಟು ಮೇಲೆ ಕೂರೋದು ಮಗು, ಓಡಾಡೋದು ತೋಟದ ಮಣ್ಣಲ್ಲಿ. ತಟ್ಟುಗಳ ಗೊರಸು ಸಾಮಾನ್ಯವಾಗಿ ಗಟ್ಟಿ. ಅದಕ್ಕೆ ಲಾಳ ಬೇಡ, ಬೆಳೆದ ಗೊರಸು ಕತ್ತರಿಸಿ ಉಜ್ಜೋ ಟ್ರಿಮ್ಮಿಂಗ್ ಸಾಕು. ಥರೋಬ್ರೆಡ್ ಕಥೆ ಬೇರೆ, ಅಡಿಭಾಗ ತೆಳು, ರೇಸಲ್ಲಿದ್ದಾಗ ಅಲ್ಯೂಮಿನಿಯಂ ಲಾಳ ಹೊಡೆದು ಹೊಡೆದು ಗೊರಸಿನ ಗೋಡೆ ತುಂಬ ಮೊಳೆ ತೂತು. ಜಲ್ಲಿ ರಸ್ತೆಗೆ ಹೋಗೋದಾದ್ರೆ ಮುಂದಿನ ಎರಡು ಕಾಲಿಗೆ ಕಟ್ಟಿಸಿ, ಭಾರ ಜಾಸ್ತಿ ಬೀಳೋದು ಮುಂದೇನೆ. ಹಿಂದಿನ ಎರಡು ಬಿಟ್ಟು ನೋಡಿ, ನಿಮ್ಮ ಲಾಳದೋರನ್ನೂ ಒಂದು ಮಾತು ಕೇಳಿ.

ಬರಿಗಾಲೇ_ಚೆಂದ:
ನಾನು ಹೇಳಿದ್ದೂ ಅದೇ ತಾನೆ.

ದನದ_ಡಾಕ್ಟ್ರು:
ನೀವು ಹೇಳಿದ್ದು ಕಿತ್ತು ಬಿಸಾಕಿ ಅಂತ. ಕಿತ್ತ ಮೇಲೆ ಅಂಚು ದುಂಡಗೆ ಉಜ್ಜಿ, ಕೆಲವು ವಾರ ಮೆತ್ತನೆ ನೆಲದಲ್ಲಿಟ್ಟು ಅಭ್ಯಾಸ ಮಾಡಿಸ್ಬೇಕು. ಆಮೇಲೂ ಆರೆಂಟು ವಾರಕ್ಕೆ ಟ್ರಿಮ್ ತಪ್ಪಲ್ಲ. ಬರಿಗಾಲು ಅಂದ್ರೆ ಬಿಟ್ಟಿ ಅಲ್ಲ.

ನಾಪೋಕ್ಲು_ಅಕ್ಕ:
ನಮ್ಮಲ್ಲಿ ಎರಡು ಮಾರ್ವಾಡಿ ತಳಿ ಕುದುರೆ ಇದೆ, ನಮ್ಮೋರ ಹುಚ್ಚು, ನೋಡ್ಕೊಳ್ಳೋದು ನಾನು. ಮಳೆಗಾಲದ ಮಾತು ಯಾರೂ ಎತ್ತಿಲ್ವಲ್ಲ. ಜೂನಲ್ಲಿ ಹಿಡಿದ್ರೆ ಸೆಪ್ಟೆಂಬರ್ ಗಂಟ ಬಿಡದೇ ಇರೋ ಮಳೆ ನಮ್ಮದು, ಗೊರಸು ನೆನೆದು ಮೆತ್ತಗಾಗಿ ಮೊಳೆ ನಿಲ್ಲಲ್ಲ, ಕೆಸರಲ್ಲಿ ಕಾಲು ಹೂತು ಎಳೆದ್ರೆ ಲಾಳ ಅಲ್ಲೇ ಉಳಿಯುತ್ತೆ, ಜೊತೇಲಿ ಗೊರಸಿನ ಒಂದು ಚೂರೂ ಕಿತ್ಕೊಂಡು ಹೋಗುತ್ತೆ. ಅದಕ್ಕೆ ನಾವು ಮೇ ಕೊನೇಲಿ ಎಲ್ಲ ಲಾಳ ಬಿಚ್ಚಿಸ್ತೀವಿ. ಸವಾರಿನೂ ಇರಲ್ಲ ಆಗ, ಮತ್ತೆ ಕಟ್ಸೋದು ಕೈಲ್‌ಪೊಳ್ದ್ ಹಬ್ಬ ಕಳೆದು ನೆಲ ಒಣಗಿದ ಮೇಲೆ. ಮಧ್ಯದಲ್ಲಿ ಟ್ರಿಮ್ ಮಾತ್ರ. ವರ್ಷದ ಖರ್ಚಲ್ಲಿ ದೊಡ್ಡ ಕಟಿಂಗ್ ಅದೇ. ಇನ್ನೊಂದು, ಒದ್ದೆ ಟಾರ್ ರಸ್ತೇಲಿ ಕಬ್ಬಿಣದ ಲಾಳ ಜಾರುತ್ತೆ, ನಮ್ಮ ತಿರುವಿನ ರಸ್ತೆಗಳಲ್ಲಂತೂ ಬೇಡವೇ ಬೇಡ.

ಆಮೇಲೆ ವಾಸನೆ. ಗೊರಸಿನ ಅಡಿ ಮಧ್ಯದಲ್ಲಿ ಮೂರು ಮೂಲೆಯ ಮೆತ್ತನೆ ಭಾಗ ಇರುತ್ತಲ್ಲ, ಫ್ರಾಗ್ ಅಂತಾರೆ, ಅದರ ಪಕ್ಕದ ಸಂದೀಲಿ ಕಪ್ಪಗೆ ಕೀವಿನಂಗೆ ಬಂದು ಕೊಳೆತ ವಾಸನೆ ಹೊಡೆದ್ರೆ ಥ್ರಷ್ ಅನ್ನೋ ಗೊರಸು ಕೊಳೆಯೋ ರೋಗ. ದಿನಾ ಎರಡು ಹೊತ್ತು ಕೊಕ್ಕೇಲಿ ಗೊರಸು ಕೆರೆದು ಬ್ರಷ್ ಹಾಕಿ, ಲಾಯದಲ್ಲಿ ಒಣ ಮರದ ಪುಡಿ ಇಲ್ಲಾ ಭತ್ತದ ಹೊಟ್ಟು ಹಾಕಿ ಒಣಗಿಸಿಟ್ರೆ ಅರ್ಧ ವಾಸಿ. ನಾನು ಮೈಲುತುತ್ತದ ತೆಳು ನೀರು ಹತ್ತೀಲಿ ಅದ್ದಿ ಇಡ್ತೀನಿ, ಹೆಂಗಿದ್ರೂ ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆಯೋಕೆ ಅಂತ ಸ್ಟೋರಲ್ಲಿ ಮೂಟೆ ಇರುತ್ತಲ್ಲ.

ದನದ_ಡಾಕ್ಟ್ರು:
ಅಕ್ಕ ಹೇಳಿದ್ದು ಸರಿ, ಒಂದು ಎಚ್ಚರಿಕೆ. ಮೈಲುತುತ್ತ ಗಟ್ಟಿ ಮಾಡಿ ಹಸಿ ಗಾಯದ ಮೇಲೆ ಹಾಕ್ಬೇಡಿ, ಒಳ್ಳೆ ಮಾಂಸವೂ ಸುಡುತ್ತೆ. ಕೆಂಪಗೆ ಇದ್ರೆ, ಮುಟ್ಟಿದ್ರೆ ಕಾಲು ಎಳ್ಕೊಂಡ್ರೆ, ಪೊವಿಡೋನ್ ಅಯೋಡಿನ್ ಹಾಕಿ ನಮ್ಮನ್ನ ಕರೀರಿ. ಮೊಳೆ ಚುಚ್ಚಿದ ಅನುಮಾನ ಇದ್ರೆ ಟೆಟನಸ್ ಇಂಜೆಕ್ಷನ್ ಆಗಿದೆಯಾ ನೋಡ್ಕೊಳ್ಳಿ. ಧನುರ್ವಾಯು ಕುದುರೆಗೆ ಬಂದಷ್ಟು ಸುಲಭವಾಗಿ ಬೇರೆ ಸಾಕುಪ್ರಾಣಿಗೆ ಬರಲ್ಲ, ಬಂದ್ರೆ ಉಳಿಸೋದು ಕಷ್ಟ.

ಸೋಮವಾರಪೇಟೆ_ಸವಾರ:
ನಾನು ಒಂದು ಅರ, ಒಂದು ಗೊರಸು ಚಾಕು ತಗೊಂಡಿದೀನಿ. ಲಾಳದೋರು ಎರಡು ಸಲ ಬರೋದ್ರ ಮಧ್ಯದಲ್ಲಿ ಅಂಚು ಬಿರುಕು ಬಿಟ್ರೆ ಅರದಲ್ಲಿ ದುಂಡಗೆ ಮಾಡ್ತೀನಿ, ಅದರಿಂದ ಎಂಟು ವಾರ ಆರಾಮಾಗಿ ಹೋಗುತ್ತೆ. ಚಾಕು ಮಾತ್ರ ಮುಟ್ಟಲ್ಲ, ಯಾಕೆ ತಗೊಂಡೆ ಅಂತ ಮನೇಲಿ ಕೇಳ್ತಾರೆ. ಆನ್‌ಲೈನಲ್ಲಿ ಗೊರಸಿಗೆ ಹಾಕೋ ರಬ್ಬರ್ ಬೂಟು ಬರುತ್ತಲ್ಲ, ಯಾರಾದ್ರೂ ತರಿಸಿದೀರಾ? ಬಯೋಟಿನ್ ಅನ್ನೋ ವಿಟಮಿನ್ ಪುಡಿ ಕೊಟ್ರೆ ಗೊರಸು ಗಟ್ಟಿ ಆಗುತ್ತೆ ಅಂತಾನೂ ಕೇಳ್ದೆ.

ಸುಂಟಿಕೊಪ್ಪ_ಹೋಂಸ್ಟೇ:
ಬೂಟು ತರಿಸಿದ್ವಿ. ಅಳತೆ ಒಂಚೂರು ಆಚೀಚೆ ಆದ್ರೂ ಹಿಮ್ಮಡಿ ಹತ್ರ ಉಜ್ಜಿ ಗಾಯ. ಜೌಗಲ್ಲಿ ಕಳ್ಚಿ ಹೋಗುತ್ತೆ. ನಮ್ಮದರಲ್ಲಿ ಒಂದು ಬೂಟು ಇನ್ನೂ ಗದ್ದೆಯೊಳಗೇ ಇದೆ.

ದನದ_ಡಾಕ್ಟ್ರು:
ಬಯೋಟಿನ್ ಕೆಲವಕ್ಕೆ ಉಪಯೋಗ ಆಗುತ್ತೆ, ಆದ್ರೆ ತಾಳ್ಮೆ ಬೇಕು. ಈಗ ಕೊಟ್ಟಿದ್ದು ಮೇಲಿಂದ ಬೆಳೆಯೋ ಹೊಸ ಗೊರಸಲ್ಲಿ ಕಾಣೋದು, ಅದು ಬೆರಳ ತುದಿಗೆ ಇಳಿಯೋಕೆ ಒಂಬತ್ತು ತಿಂಗಳಿಂದ ಒಂದು ವರ್ಷ. ಅದಕ್ಕಿಂತ ಮೊದಲು ಕಾಳು ಕಮ್ಮಿ ಮಾಡಿ. ಹೋಂಸ್ಟೇ ಕುದುರೆಗಳಿಗೆ ಗೆಸ್ಟ್‌ಗಳು ಬ್ರೆಡ್ಡು ಬೆಲ್ಲ ತಿನ್ನಿಸ್ತಾರೆ, ತಟ್ಟುಗಳಿಗೆ ಅದು ಬೇಗ ಕಾಲಿಗೆ ಇಳಿಯುತ್ತೆ. ಗೊರಸು ಬಿಸಿ, ಮುಂದಿನ ಕಾಲು ಚಾಚಿ ಹಿಂದಕ್ಕೆ ವಾಲಿ ನಿಂತಿದೆ ಅಂದ್ರೆ ಲ್ಯಾಮಿನೈಟಿಸ್, ಅಂದ್ರೆ ಗೊರಸಿನೊಳಗಿನ ಉರಿಯೂತ, ಇರ್ಬಹುದು, ಅವತ್ತೇ ಫೋನ್ ಮಾಡಿ. ಲಾಳದ ಖರ್ಚೆಲ್ಲ ಅದರ ಮುಂದೆ ಏನೂ ಅಲ್ಲ.

ಮಾಜಿ_ಹವಾಲ್ದಾರ್:
ನಾನು ಆರ್ಮಿಲಿದ್ದೋನು, ಕುದುರೆ ಯೂನಿಟ್ ಅಲ್ಲ, ಆದ್ರೆ ಪಕ್ಕದಲ್ಲೇ ಹೇಸರಗತ್ತೆ ಇದ್ದ ಪೋಸ್ಟಿಂಗ್ ಮಾಡಿದೀನಿ. ಸೈನ್ಯದಲ್ಲಿ ಪ್ರಾಣಿಗಳನ್ನ ನೋಡ್ಕೊಳ್ಳೋ ರಿಮೌಂಟ್ ವೆಟರ್ನರಿ ಕೋರ್ ಅಂತ ಇದೆ, ಮೀರತ್‌ನಲ್ಲಿ ಅದರ ಸೆಂಟರು, ಲಾಳ ಕಟ್ಟೋದು ಅಲ್ಲಿ ಒಂದು ಟ್ರೇಡು, ಸರಿಯಾಗಿ ಕಲಿಸಿ ಪರೀಕ್ಷೆ ಮಾಡ್ತಾರೆ. ನಮ್ಮ ಜಿಲ್ಲೇಲಿ ಮನೆಗೊಬ್ಬ ಮಾಜಿ ಸೈನಿಕ ಇದಾನೆ ಅಂತ ಹೆಮ್ಮೆ ಪಡ್ತೀವಲ್ಲ, ಅದರಲ್ಲಿ ಈ ಟ್ರೇಡಿನೋನು ಒಬ್ಬ ಸಿಗಲ್ವಾ? ಮಾಜಿ ಸೈನಿಕರ ಸಂಘದ ಮೀಟಿಂಗಲ್ಲಿ ಕೇಳ್ತೀನಿ. ಮೈಸೂರಲ್ಲಿ ಅಶ್ವಾರೋಹಿ ಪೊಲೀಸ್ ದಳದಿಂದ ರಿಟೈರ್ ಆದೋರನ್ನೂ ಕೇಳ್ಬಹುದು, ದಸರಾ ಮೆರವಣಿಗೇಲಿ ಬರೋ ಪೊಲೀಸ್ ಕುದುರೆಗಳು ಅವರ ಕೈಲೇ ಇರೋದು.

ಸುಂಟಿಕೊಪ್ಪ_ಹೋಂಸ್ಟೇ:
ಕೇಳಿ ಸಾರ್, ಆದ್ರೆ ಸಿಕ್ಕಿದ್ರೂ ಅವರಿಗೆ ಹೊಟ್ಟೆ ತುಂಬೋಷ್ಟು ಕುದುರೆ ಈ ಜಿಲ್ಲೇಲಿ ಎಲ್ಲಿದೆ? ಲೋಕಲ್ ಯಾರೂ ಇಲ್ದೇ ಇರೋಕೆ ಕಾರಣ ಅದೇ. ನನ್ನ ಪ್ರಕಾರ ಮೈಸೂರೋರೇ ಸರಿ, ಆದ್ರೆ ಒಬ್ಬೊಬ್ರು ಒಂದೊಂದು ದಿನ ಕರೆಸೋದು ನಿಲ್ಲಿಸ್ಬೇಕು. ಮೊನ್ನೆ ನಾಪೋಕ್ಲು ಅಕ್ಕನ ಮನೆಗೆ ಬಂದೋರು ಸಂಜೆ ನಮ್ಮ ಗೇಟ್ ಮುಂದೇನೆ ವಾಪಸ್ ಹೋಗಿರ್ತಾರೆ, ನಾನು ಅದೇ ಹೊತ್ತಿಗೆ ಅವರಿಗೆ ಫೋನ್ ಮಾಡಿ ಯಾವಾಗ ಬರ್ತೀರ ಅಂತ ಕೇಳ್ತಿರ್ತೀನಿ. ಇದೆಂಥ ವ್ಯವಹಾರ.

ಹುದಿಕೇರಿ_ತೋಟ:
ಸರಿ ಲೆಕ್ಕ ಹಾಕೋಣ. ನಮ್ಮದು 2, ನಾಪೋಕ್ಲು 2, ಸುಂಟಿಕೊಪ್ಪ 3. ಸೋಮವಾರಪೇಟೆಯೋರೇ ನಿಮ್ಮದು?

ಸೋಮವಾರಪೇಟೆ_ಸವಾರ:
ಎರಡು. ಒಂದು ಅಣ್ಣನದು, ದುಡ್ಡು ನನ್ನದೇ.

ಹುದಿಕೇರಿ_ತೋಟ:
ಒಟ್ಟು 9. ಮೈಸೂರಿಂದ ಹುಣಸೂರು, ತಿತಿಮತಿ, ಗೋಣಿಕೊಪ್ಪ ಮೇಲೆ ನಮ್ಮನೆ, ಆಮೇಲೆ ವಿರಾಜಪೇಟೆ, ನಾಪೋಕ್ಲು, ಮಡಿಕೇರಿ, ಸುಂಟಿಕೊಪ್ಪ, ಸೋಮವಾರಪೇಟೆ, ಕುಶಾಲನಗರ, ವಾಪಸ್ ಮೈಸೂರು. ಅಂದಾಜು ಮುನ್ನೂರೈವತ್ತು ಕಿಲೋಮೀಟರ್ ಒಳಗೆ ಬರುತ್ತೆ, ಎರಡು ದಿನ. ಕಾರಿಗೆ 4,500 ಅಂತ ಇಟ್ಕೊಂಡ್ರೆ ಕುದುರೆಗೆ 500. ಡಾಕ್ಟ್ರು ಹೇಳಿದಂಗೆ ನಮ್ಮ ಹೆಣ್ಣು ಕುದುರೆಗೆ ಮುಂದಿನ ಎರಡು ಲಾಳ ಹಿಂದಿನದು ಟ್ರಿಮ್ ಸೇರಿ 1,600, ತಟ್ಟು ಟ್ರಿಮ್ 700, ಕಾರಿಗೆ 1,000, ಒಟ್ಟು 3,300. ಎಲ್ಲಿ 8,000 ಎಲ್ಲಿ 3,300. ಭಾಯ್, ಅಪ್ಪ ಒಪ್ತಾರಾ ಈ ರೇಟಿಗೆ?

ನಾಲ್‌ಬಂದ್_ಮನೆಯೋನು:
ಕೇಳ್ದೆ. ಒಪ್ತಾರೆ, ಒಂಬತ್ತು ಒಟ್ಟಿಗೆ ಅಂದ್ರೆ ಅವರಿಗೂ ಗಿಟ್ಟುತ್ತೆ, ಹೆಲ್ಪರ್ ಹುಡುಗನ್ನೂ ಕರ್ಕೊಂಡು ಬರ್ತಾರೆ. ಅವರ ಕಂಡೀಷನ್ ಹೇಳ್ತೀನಿ. ಕುದುರೆ ಬೆಳಿಗ್ಗೆನೇ ಕಟ್ಟಿರ್ಬೇಕು, ಕಾಲು ತೊಳೆದು ಒಣಗಿಸಿರ್ಬೇಕು, ಹಿಡಿಯೋಕೆ ಹೆದರದ ಆಳು ಒಬ್ಬ ಬೇಕು. ಮೇಲೆ ಶೀಟು ಇರೋ ಸಮ ನೆಲ ಬೇಕು. ಮತ್ತೆ ಕತ್ತಲಾದ ಮೇಲೆ ತಿತಿಮತಿ ರಸ್ತೇಲಿ ಬರಲ್ಲ, ಹೋದ ಸಲ ಆನೆ ಅಡ್ಡ ನಿಂತು ಕಾರು ರಿವರ್ಸ್ ತಗೊಂಡಿದ್ದು ಇನ್ನೂ ಮರೆತಿಲ್ಲ. ರಾತ್ರಿ ಉಳಿಯೋಕೆ ಜಾಗ ಬೇಕು.

ಸುಂಟಿಕೊಪ್ಪ_ಹೋಂಸ್ಟೇ:
ಉಳಿಯೋದು ನಮ್ಮಲ್ಲಿ, ರೂಮಿಗೆ ದುಡ್ಡು ಬೇಡ. ವಾರದ ಮಧ್ಯದಲ್ಲಿ ಇಟ್ಕೊಳ್ಳಿ, ಶನಿವಾರ ಭಾನುವಾರ ಖಾಲಿ ಇರಲ್ಲ.

ನಾಪೋಕ್ಲು_ಅಕ್ಕ:
ಊಟ ಮಧ್ಯಾಹ್ನ ನಮ್ಮನೇಲಿ ಆಗ್ಲಿ. ದುಡ್ಡು ಯಾರು ಕಲೆಕ್ಟ್ ಮಾಡ್ತೀರ? ಮೊದಲೇ ಹೇಳ್ತೀನಿ, ಕೊನೇ ಗಳಿಗೇಲಿ ನಮ್ಮದು ಈ ಸಲ ಬೇಡ ಅಂದ್ರೆ ಅವರ ಪಾಲಿನ 500 ಬಿಡೋ ಹಂಗಿಲ್ಲ, ಮಿಕ್ಕೋರ ತಲೆ ಮೇಲೆ ಬೀಳುತ್ತೆ.

ಹುದಿಕೇರಿ_ತೋಟ:
ನಾನೇ ಕಲೆಕ್ಟ್ ಮಾಡ್ತೀನಿ ಅಕ್ಕ. ಕಾರಿನ ಪಾಲು ಮುಂಚೆನೇ ಕಳಿಸ್ಬೇಕು, ಲಾಳದ ದುಡ್ಡು ಅವರವರು ಅಲ್ಲೇ ಕೈಗೆ ಕೊಡಿ. ಮುಂದಿನ ಬುಧವಾರ ಗುರುವಾರ ಆಗ್ಬಹುದಾ ಎಲ್ಲರಿಗೂ?

ಸೋಮವಾರಪೇಟೆ_ಸವಾರ:
ಆಗುತ್ತೆ. ಅಣ್ಣನ ಕುದುರೆ ಹಿಂದಿನ ಎಡಗಾಲು ಕೊಡಲ್ಲ, ಒದೆಯುತ್ತೆ. ಅಪ್ಪನಿಗೆ ಮೊದಲೇ ಹೇಳ್ಬಿಡಿ ಭಾಯ್.

ನಾಲ್‌ಬಂದ್_ಮನೆಯೋನು:
ಹೇಳ್ದೆ. ದಿನಾ ನೀವೇ ಆ ಕಾಲು ಎತ್ತಿ ಒಂದೊಂದು ನಿಮಿಷ ಹಿಡ್ಕೊಂಡು ಬಿಡಿ, ಬುಧವಾರದೊಳಗೆ ಸ್ವಲ್ಪ ಪಳಗುತ್ತೆ ಅಂದ್ರು. ಪಳಗ್ಲಿಲ್ಲ ಅಂದ್ರೆ ಆ ಕಾಲಿಗೆ ಇನ್ನೂರು ಎಕ್ಸ್‌ಟ್ರಾ ಅಂತೆ.